ಬಲಗಡೆಯ ವಿಮಾನಗಳು

ಆಲ್ಡಿ

ವಾಷಿಂಗ್ಟನ್ನಿಗೆ ಒಂದು ಗಂಟೆಯ ದೂರದಲ್ಲಿ ಎರಡು ವಾರ ಇದ್ದರೂ ನಾನು ಶ್ವೇತಭವನ ನೋಡಲಿಲ್ಲ. ಆ ಎರಡು ವಾರ ಹೆಚ್ಚು ಹೊತ್ತು ನೋಡಿದ್ದು ಸೋಪಿನ ಡಬ್ಬಿಯಷ್ಟು ದೊಡ್ಡ ಒಂದು ಪ್ಲಾಸ್ಟಿಕ್ ಪೆಟ್ಟಿಗೆಯನ್ನು. ಮೈಸೂರಿಗೆ ಮರಳಿದ ಮೇಲೆ ಪ್ರವಾಸ ಹೇಗಾಯಿತೆಂದು ಕೇಳಿದವರಿಗೆ, ಚಳಿ ಶುರುವಾಗಿತ್ತು, ಎಲೆಗಳೆಲ್ಲ ಕೆಂಪಾಗಿದ್ದವು ಎಂದಷ್ಟೇ ಹೇಳಿ ಸುಮ್ಮನಾಗಿದ್ದೇನೆ. ನಡೆದದ್ದನ್ನು ಪೂರ್ತಿ ಹೇಳುತ್ತಿರುವುದು ಇದೇ ಮೊದಲು.

ನನ್ನ ಅಕ್ಕ ಲಲಿತೆಯ ಗಂಡ ಮೈಸೂರಿನಲ್ಲಿ ವೈದ್ಯಕೀಯ ಓದಿ, ಎಪ್ಪತ್ತರ ದಶಕದಲ್ಲೇ ಅಮೆರಿಕ ಸೇರಿದವರು. ಹೃದಯದ ಡಾಕ್ಟರು. ಐವತ್ತು ದಾಟಿದ ಮೇಲೆ ವಿಮಾನ ಹಾರಿಸುವುದನ್ನು ಕಲಿತು, ನಾಲ್ಕು ಸೀಟಿನ ಹಳೆಯದೊಂದು ವಿಮಾನವನ್ನು ಕೊಂಡರು. ಭಾವ ಎಡಗಡೆ, ಅಕ್ಕ ಬಲಗಡೆ ಕೂತು ಇಪ್ಪತ್ತು ವರ್ಷ ಸುತ್ತಿದರು. ಕೋವಿಡ್ಡಿನ ಎರಡನೇ ವರ್ಷದ ಶರತ್ಕಾಲದಲ್ಲಿ ಅಕ್ಕ ಹೋಗಿಬಿಟ್ಟಳು. ಆಗ ನನಗೆ ಹೋಗಲಾಗಲಿಲ್ಲ. ಕೊನೆಯ ಕೆಲಸಗಳನ್ನೆಲ್ಲ ಫೋನಿನ ಪರದೆಯಲ್ಲಿ ನೋಡಿದೆ. ಎರಡು ವರ್ಷವಾದ ಮೇಲೆ ಅವಳ ತಿಥಿಗೆ ಹೊರಟೆ. ತಿಥಿ ನಡೆಯಬೇಕಾಗಿದ್ದದ್ದು ಜಾರ್ಜಿಯಾದ ಸುವಾನಿಯಲ್ಲಿ, ಅಕ್ಕನ ಮಗಳು ಸಂಧ್ಯಾಳ ಮನೆಯಲ್ಲಿ. ಆದರೆ ಭಾವ ಫೋನಿನಲ್ಲಿ ಹೇಳಿದ್ದರು: "ಮೊದ್ಲು ನನ್ ಹತ್ರ ಬಾ ಪ್ರಭಾ. ಇಲ್ಲಿಂದ ನಾವಿಬ್ರೂ ಫ್ಲೈ ಮಾಡ್ಕೊಂಡು ಹೋಗೋಣ. ನೀನು ಎಲೆಕ್ಟ್ರಾನಿಕ್ಸ್ ಮೇಷ್ಟ್ರು, ನನ್ನ ಡಬ್ಬಾ ಒಂದಿದೆ, ರಿಪೇರಿ ಮಾಡ್ಕೊಡು."

ಪಾಲಿಟೆಕ್ನಿಕ್‌ನಲ್ಲಿ ಮೂವತ್ತು ವರ್ಷ ರೇಡಿಯೋ ಪಾಠ ಹೇಳಿ ನಿವೃತ್ತಳಾದವಳಿಗೆ ಆ ಮಾತು ಇಷ್ಟವಾಯಿತು. ಸೂಟ್‌ಕೇಸಿನಲ್ಲಿ ಚಟ್ನಿಪುಡಿಯ ಜೊತೆ ನನ್ನ ಮಲ್ಟಿಮೀಟರನ್ನೂ ಇಟ್ಟುಕೊಂಡೆ.

ವರ್ಜೀನಿಯಾದ ಆಲ್ಡಿಯಲ್ಲಿ ಭಾವನ ಮನೆಯ ಸಾಲಿನಲ್ಲಿ ಒಂದೇ ಬಣ್ಣದ, ಒಂದೇ ಎತ್ತರದ ಮನೆಗಳು. ಬೀದಿಯಲ್ಲಿ ನಡೆಯುವವರಿಲ್ಲ, ಗೇಟಿನಲ್ಲಿ ನಿಂತು ಮಾತಾಡುವವರಿಲ್ಲ, ಗೇಟೇ ಇಲ್ಲ. ಎದುರು ಮನೆಯ ಬೆಂಗಳೂರಿನ ಹುಡುಗಿ ಕಾರಿನಿಂದಲೇ "ಅಂಕಲ್, ಮೈಸೂರಿನ ಆಂಟಿ ಬಂದಿದಾರಾ?" ಎಂದು ಕೂಗಿ, ಉತ್ತರ ಕೇಳುವಷ್ಟರಲ್ಲಿ ಗ್ಯಾರೇಜಿನೊಳಗೆ ಹೋಗಿ ಬಾಗಿಲು ಇಳಿಸಿಬಿಟ್ಟಳು. ಮನೆಯಲ್ಲಿ ಅಕ್ಕನ ಚಪ್ಪಲಿಗಳು ಇನ್ನೂ ಬಾಗಿಲ ಹಿಂದೆ ಇದ್ದವು. ಊಟದ ಮೇಜಿನ ತುಂಬ ತಂತಿ, ಬೆಸುಗೆ ಕಡ್ಡಿ, ಸಣ್ಣ ಸಣ್ಣ ಆಂಟೆನಾ. ಭಾವ ಅವುಗಳ ಮಧ್ಯೆ ಜಾಗ ಮಾಡಿಕೊಂಡು ಊಟ ಮಾಡುತ್ತಿದ್ದರು.

ಪೆಟ್ಟಿಗೆಯ ಕೆಲಸ ಸರಳ. ಅಮೆರಿಕದಲ್ಲಿ ಈಗ ಬಹುಪಾಲು ವಿಮಾನಗಳು ತಾವು ಯಾರು, ಎಲ್ಲಿದ್ದೇವೆ, ಎಷ್ಟು ಎತ್ತರದಲ್ಲಿದ್ದೇವೆ ಎಂದು ಸೆಕೆಂಡಿಗೊಮ್ಮೆ ರೇಡಿಯೋದಲ್ಲಿ ಕೂಗುತ್ತಿರುತ್ತವೆ. ನಮ್ಮ ಘಟ್ಟದ ತಿರುವುಗಳಲ್ಲಿ ಲಾರಿಗಳು ಹಾರ್ನ್ ಹೊಡೆದುಕೊಂಡು ಬರುವ ಹಾಗೆ. ಆ ಕೂಗನ್ನು ಕೇಳಿಸಿಕೊಂಡು, ಸುತ್ತಲಿನ ವಿಮಾನಗಳನ್ನು ಟ್ಯಾಬ್ಲೆಟ್ಟಿನ ನಕಾಶೆಯ ಮೇಲೆ ಚುಕ್ಕೆಗಳಾಗಿ ತೋರಿಸುವುದು, ಯಾವುದಾದರೂ ತೀರಾ ಹತ್ತಿರ ಬಂದರೆ ಬೀಪ್ ಎನ್ನುವುದು. ಅಂಗೈಯಗಲದ ಕಂಪ್ಯೂಟರ್ ಬೋರ್ಡು, ಎರಡು ರೇಡಿಯೋ ರಿಸೀವರ್, ಎರಡು ಆಂಟೆನಾ, ಒಂದು ಫ್ಯಾನು. ಅಕ್ಕ ಹೋದ ಮೇಲೆ ಇಂಟರ್‌ನೆಟ್ಟಿನಲ್ಲಿ ನೋಡಿ ಕಲಿತು ಭಾವ ತಾವೇ ಜೋಡಿಸಿದ್ದರು.

"ಮೊದ್ಲೆಲ್ಲ ಇದು ಬೇಕಿರ್ಲಿಲ್ಲ. ಲಲಿತಾ ಕಿಟಕಿ ಬಿಟ್ಟು ಕಣ್ಣು ತೆಗೀತಿರ್ಲಿಲ್ಲ," ಎಂದರು.

ಆಮೇಲೆ ಹಳದಿ ಹಾಳೆಯ ಪುಸ್ತಕವೊಂದನ್ನು ನನ್ನ ಮುಂದಿಟ್ಟರು. ಪೆಟ್ಟಿಗೆಯ ಮೇಲಿನ ದೂರುಗಳು, ರೋಗಿಯ ಕಡತದಂತೆ ಕ್ರಮವಾಗಿ ಬರೆದದ್ದು. ಹಾರುವಾಗ ಇದ್ದಕ್ಕಿದ್ದಂತೆ ನಿಂತುಹೋಗುತ್ತದೆ. ನಮ್ಮ ಕೆಳಗೇ ಒಂದು ವಿಮಾನ ಇದೆ ಎನ್ನುತ್ತದೆ, ಇರುವುದಿಲ್ಲ. ಬಲಗಡೆ ವಿಮಾನ ತೋರಿಸುತ್ತದೆ, ಹೊರಗೆ ನೋಡಿದರೆ ಏನೂ ಇಲ್ಲ. ಈ ಮೂರನೆಯದನ್ನು ಪುಟ ಪುಟದಲ್ಲೂ ಬರೆದಿದ್ದರು.

ಹ್ಯಾಂಗರ್

ವಿಮಾನ ಇದ್ದದ್ದು ಮನೆಯಿಂದ ನೈರುತ್ಯಕ್ಕೆ ಒಂದು ಗಂಟೆಯ ದಾರಿ. ವಾಷಿಂಗ್ಟನ್ ಸುತ್ತಲಿನ ಆಕಾಶಕ್ಕೆ ಕಟ್ಟುನಿಟ್ಟಿನ ನಿಯಮಗಳಿರುವುದರಿಂದ ಅದರಾಚೆ ಇಟ್ಟುಕೊಂಡಿದ್ದರು. ದಾರಿಯ ಎರಡೂ ಕಡೆ ಕುದುರೆಗಳ ಹುಲ್ಲುಗಾವಲು, ಬಿಳಿ ಬೇಲಿ. ಕಾರಿನ ಬಲಗಡೆಯ ಕನ್ನಡಿಯನ್ನು ಟೇಪು ಸುತ್ತಿ ನಿಲ್ಲಿಸಿದ್ದರು. ಕೇಳಿದ್ದಕ್ಕೆ, "ಗ್ಯಾರೇಜ್ ಬಾಗಿಲು ನ್ಯಾರೋ," ಎಂದರು. ಎರಡು ಕಾರು ಸಲೀಸಾಗಿ ಹೋಗುವ ಬಾಗಿಲದು. ನಾನು ಹೆಚ್ಚು ಯೋಚಿಸಲಿಲ್ಲ.

ಹ್ಯಾಂಗರ್ ಎಂದರೆ ತಗಡಿನ ಶೆಡ್ಡು. ಒಳಗೆ ಪೆಟ್ರೋಲಿನ ವಾಸನೆ, ತಣ್ಣನೆ ಕತ್ತಲು. ವಿಮಾನ ನಮ್ಮೂರಿನ ಹಳೆಯ ಅಂಬಾಸಡರ್ ಕಾರಿಗೆ ರೆಕ್ಕೆ ಕಟ್ಟಿದಂತಿತ್ತು. ನಾನು ಬಲಗಡೆ ಸೀಟಿನಲ್ಲಿ ಕೂತು ಪೆಟ್ಟಿಗೆಯನ್ನು ಮಡಿಲಲ್ಲಿಟ್ಟುಕೊಂಡೆ. ಸೀಟಿನ ಪಕ್ಕದ ಜೇಬಿನಲ್ಲಿ ಒಣಗಿದ ಶುಂಠಿ ಪೆಪ್ಪರ್‌ಮಿಂಟಿನ ಪೊಟ್ಟಣ ಇತ್ತು. ಅಕ್ಕನದು. ತೆಗೆದು ನೋಡಿ ಅಲ್ಲೇ ಇಟ್ಟೆ.

ಮೊದಲನೆಯ ದೂರಿಗೆ ಅರ್ಧ ಗಂಟೆ ಸಾಕಾಯಿತು. ಮಲ್ಟಿಮೀಟರ್ ಹಿಡಿದು ನೋಡಿದರೆ, ಪೆಟ್ಟಿಗೆಗೆ ಬೇಕಾದ ಐದು ವೋಲ್ಟು ಅದರ ಬಾಯಿಗೆ ತಲಪುತ್ತಲೇ ಇರಲಿಲ್ಲ. ಕೇಬಲ್ ಉದ್ದ, ಒಳಗಿನ ತಂತಿ ಕೂದಲಿನಷ್ಟು ತೆಳು. ಫ್ಯಾನು ತಿರುಗಿದೊಡನೆ ವೋಲ್ಟೇಜ್ ಕುಸಿದು ಬೋರ್ಡು ಸುಸ್ತಾಗಿ ಮಲಗುತ್ತಿತ್ತು. ಗಿಡ್ಡನೆಯ ದಪ್ಪ ಕೇಬಲ್ ಹಾಕಿದೆವು; ಆಮೇಲೆ ಅದು ನಿಲ್ಲಲೇ ಇಲ್ಲ.

ಎರಡನೆಯದು ತಮಾಷೆಯಾಗಿತ್ತು. ಭಾವನ ವಿಮಾನವೂ ಎಲ್ಲರಂತೆ ಕೂಗುತ್ತಿತ್ತಲ್ಲ, ಪೆಟ್ಟಿಗೆ ಆ ಕೂಗನ್ನೂ ಕೇಳಿಸಿಕೊಂಡು, ಯಾರೋ ನಿಮಗೆ ಅಂಟಿಕೊಂಡೇ ಬರುತ್ತಿದ್ದಾರೆ ಎಂದು ಗಾಬರಿಯಾಗುತ್ತಿತ್ತು. ಪ್ರತಿ ವಿಮಾನಕ್ಕೂ ಅಂಕಿ-ಅಕ್ಷರಗಳ ಒಂದು ಗುರುತು ಇರುತ್ತದೆ. ಸೆಟ್ಟಿಂಗ್ಸ್‌ನಲ್ಲಿ ಭಾವ ಅದರ ಒಂದು ಅಕ್ಷರವನ್ನು ತಪ್ಪಾಗಿ ಬರೆದಿದ್ದರು. ಸರಿಪಡಿಸಿದೊಡನೆ ಭೂತ ಮಾಯವಾಯಿತು. ಭಾವ ತುಂಬಾ ದಿನದ ಮೇಲೆ ಜೋರಾಗಿ ನಕ್ಕರು. "ನನ್ನ ನೆರಳಿಗೆ ನಾನೇ ಹೆದರ್ಕೊಂಡಿದ್ದೆ ನೋಡು!"

ಮೂರನೆಯದು ಮಾತ್ರ ಬಗ್ಗಲಿಲ್ಲ. ಆಂಟೆನಾಗಳನ್ನು ಅದಲು ಬದಲು ಮಾಡಿದೆ, ಪೆಟ್ಟಿಗೆಯನ್ನು ಹಿಂದಿನ ಕಿಟಕಿಗೆ ಸರಿಸಿದೆ, ಸಾಫ್ಟ್‌ವೇರ್ ಹೊಸದಾಗಿ ಹಾಕಿದೆ. ಮೂರು ದಿನ ಹೀಗೇ ಕಳೆಯಿತು. ನನ್ನ ವಿದ್ಯಾರ್ಥಿಗಳಿಗೆ ವರ್ಷ ವರ್ಷವೂ ಹೇಳಿಕೊಟ್ಟಿದ್ದೆ: ರಿಸೀವರ್ ಕೆಟ್ಟರೆ ಇರುವ ಸಿಗ್ನಲ್ ಕೇಳಿಸುವುದಿಲ್ಲ, ಇಲ್ಲದ ಸಿಗ್ನಲ್ಲನ್ನು ಅದು ಹುಟ್ಟಿಸುವುದಿಲ್ಲ. ಹೆಸರು, ಎತ್ತರ, ವೇಗ ಸಮೇತ ಇಲ್ಲದ ವಿಮಾನವೊಂದನ್ನು ಆ ಪೆಟ್ಟಿಗೆ ಕಲ್ಪಿಸಿಕೊಳ್ಳುವುದು ಸಾಧ್ಯವಿರಲಿಲ್ಲ. ಅದೂ ಬಲಗಡೆ ಮಾತ್ರ. ಇಷ್ಟು ಗೊತ್ತಿದ್ದೂ ನಾನು ಆಂಟೆನಾಗಳನ್ನೇ ತಿರುಗಿಸುತ್ತಿದ್ದೆ.

ಬೆಟ್ಟಗಳ ಮೇಲೆ

ಹೊರಡುವ ಎರಡು ದಿನ ಮೊದಲು ಪರೀಕ್ಷೆಗೆಂದು ಒಂದು ಸುತ್ತು ಹಾರಿದೆವು. ಕೆಳಗೆ ನೀಲಿ ಬೆಟ್ಟಗಳ ಸಾಲು, ಕೆಂಪು ಕಾಡು. ಇಂಜಿನ್ನಿನ ಸದ್ದಿಗೆ ಕಿವಿಯ ಮೇಲೆ ಹೆಡ್‌ಸೆಟ್. ಪಕ್ಕದಲ್ಲೇ ಕೂತವರ ಮಾತೂ ಫೋನಿನಲ್ಲಿ ಬಂದಂತೆ ಕೇಳುತ್ತದೆ. ಅಲ್ಲಿ ದಿಕ್ಕನ್ನು ಗಡಿಯಾರದ ಲೆಕ್ಕದಲ್ಲಿ ಹೇಳುತ್ತಾರೆ. ಮೂಗಿನ ನೇರ ಹನ್ನೆರಡು ಗಂಟೆ, ಬಲಗೈ ನೇರ ಮೂರು ಗಂಟೆ.

ಪೆಟ್ಟಿಗೆ ಬೀಪ್ ಎಂದಿತು. ಎರಡು ಗಂಟೆಯ ದಿಕ್ಕಿಗೆ ಒಂದು ಚುಕ್ಕೆ, ನಮಗಿಂತ ಸ್ವಲ್ಪ ಕೆಳಗೆ.

"ಶುರುವಾಯ್ತು ನೋಡು," ಎಂದರು ಭಾವ. "ಎಲ್ಲಿದೆ? ಏನೂ ಇಲ್ಲ."

ಟ್ಯಾಬ್ಲೆಟ್ಟಿನಿಂದ ತಲೆಯೆತ್ತಿ ಹೊರಗೆ ನೋಡಿದೆ. ಕಾಡಿನ ಕೆಂಪಿನ ಮೇಲೆ ಅಕ್ಕಿಕಾಳಿನಷ್ಟು ಬಿಳಿಯದೊಂದು ಜಾರುತ್ತಿತ್ತು. "ಅಲ್ಲಿದೆ ಭಾವ," ಎಂದು ಬೆರಳು ತೋರಿಸಿದೆ. ಅವರು ಇಡೀ ತಲೆಯನ್ನು ಭುಜದ ಮೇಲೆ ತಿರುಗಿಸಿ, ತುಂಬಾ ಹೊತ್ತು ಹುಡುಕಿ, "ಹಾಂ, ಅದಾ. ಸೂರ್ಯ ಕಣ್ಣಿಗೆ ಹೊಡೀತಿತ್ತು," ಎಂದರು.

ಸೂರ್ಯ ನಮ್ಮ ಬೆನ್ನ ಹಿಂದೆ ಇದ್ದ.

ಆಗಲೇ ಕೇಳಬೇಕಿತ್ತು. ಕೇಳಲಿಲ್ಲ. ಅವರು ಹಿರಿಯರು, ಸ್ವತಃ ಡಾಕ್ಟರು, ನಾನು ಅವರ ಮನೆಯ ಅನ್ನ ಉಣ್ಣುತ್ತಿದ್ದವಳು. ಅದಕ್ಕಿಂತ ಹೆಚ್ಚಾಗಿ, ಹೆಂಡತಿ ಹೋದ ಮೇಲೆ ಆ ಮನುಷ್ಯನಿಗೆ ಉಳಿದಿದ್ದದ್ದು ಆ ವಿಮಾನ ಒಂದೇ ಎಂದು ನನಗೆ ಗೊತ್ತಿತ್ತು. ಇಳಿದ ಮೇಲೆ ಹಳದಿ ಪುಸ್ತಕದಲ್ಲಿ 'ಸರಿಯಾಗಿದೆ' ಎಂದು ಬರೆದೆ. ಭಾವ ಅದರ ಕೆಳಗೆ ಸಹಿ ಹಾಕಿಸಿಕೊಂಡರು.

ದಕ್ಷಿಣ ಕೆರೊಲಿನಾ

ಆಲ್ಡಿಯಿಂದ ಹೊರಟ ದಿನ ಆಕಾಶ ಬೂದುಬಣ್ಣ, ಮೋಡ ಎತ್ತರದಲ್ಲಿತ್ತು. ಉತ್ತರ ಕೆರೊಲಿನಾ ಪೂರ್ತಿ ಪೈನ್ ಮರಗಳು, ಕೆರೆಗಳು, ಒಂದರಂತೆ ಇನ್ನೊಂದು ಊರು. ಪೆಟ್ಟಿಗೆ ಚೆನ್ನಾಗಿ ಕೆಲಸ ಮಾಡುತ್ತಿತ್ತು. ಚುಕ್ಕೆಗಳು ಬರುವುದು, ದಾಟುವುದು, ಮಾಯವಾಗುವುದು ನೋಡುತ್ತಾ ನನಗೆ ಹೆಮ್ಮೆಯಾಗಿತ್ತು. ಕಿಟಕಿಯ ಹೊರಗೆ ನಾನು ನೋಡಿದ್ದೇ ಕಡಿಮೆ.

ಮೂರು ಗಂಟೆ ಹಾರಿ, ಪೆಟ್ರೋಲಿಗೆಂದು ದಕ್ಷಿಣ ಕೆರೊಲಿನಾದ ಸಣ್ಣದೊಂದು ಏರ್‌ಫೀಲ್ಡಿನಲ್ಲಿ ಇಳಿಯಬೇಕಿತ್ತು. ಅಲ್ಲಿ ಕಂಟ್ರೋಲ್ ಟವರ್ ಇಲ್ಲ. ಬರುವವರು ತಾವು ಎಲ್ಲಿದ್ದೇವೆಂದು ರೇಡಿಯೋದಲ್ಲಿ ಹೇಳಿಕೊಳ್ಳುತ್ತಾರೆ, ಉಳಿದವರು ನಂಬುತ್ತಾರೆ, ಕಣ್ಣಾರೆ ನೋಡಿ ಖಾತ್ರಿ ಮಾಡಿಕೊಳ್ಳುತ್ತಾರೆ. ನಮ್ಮಲ್ಲಿ ಪೊಲೀಸರಿಲ್ಲದ ನಾಲ್ಕು ರಸ್ತೆ ಕೂಡುವ ಕಡೆ ಯಾರೂ ಯಾರನ್ನೂ ನಂಬದೆ ಬದುಕಿಕೊಳ್ಳುತ್ತೇವೆ. ಅಲ್ಲಿ ನಂಬಿಕೆಯ ಮೇಲೆ ನಡೆಯುತ್ತದೆ.

ರನ್‌ವೇಗೆ ಅಡ್ಡಲಾಗಿ ಬಂದು, ಎಡಕ್ಕೆ ತಿರುಗಿ ಇಳಿಯುವುದು ನಮ್ಮ ದಾರಿ. ರೇಡಿಯೋದಲ್ಲಿ ಒಬ್ಬ ಹೆಂಗಸಿನ ದನಿ ಕೇಳಿತು. ತಾನು ರನ್‌ವೇಗೆ ನೇರವಾಗಿ, ಎರಡು ಮೈಲಿ ದೂರದಲ್ಲಿ ಇಳಿಯುತ್ತಾ ಬರುತ್ತಿದ್ದೇನೆ ಎಂದಳು. ಅಂದರೆ ನಮ್ಮ ಬಲಗಡೆಯಿಂದ.

"ಯಾರೂ ಕಾಣ್ತಿಲ್ಲ. ಬೇರೆ ಏರ್‌ಪೋರ್ಟಿನವಳು ಇರ್ಬೇಕು. ಇಲ್ಲಿ ಎಲ್ರದ್ದೂ ಒಂದೇ ಫ್ರೀಕ್ವೆನ್ಸಿ," ಎಂದರು ಭಾವ, ತಮಗೆ ತಾವೇ.

ಪೆಟ್ಟಿಗೆ ಬೀಪ್ ಎಂದಿತು. ಮತ್ತೆ ಬೀಪ್ ಎಂದಿತು. ಟ್ಯಾಬ್ಲೆಟ್ಟಿನಲ್ಲಿ ನಮ್ಮ ಗುರುತಿಗೆ ತಾಗಿಕೊಂಡೇ ಕೆಂಪು ಚುಕ್ಕೆ.

"ನಮ್ಮ ಭೂತ ವಾಪಸ್ ಬಂತಲ್ಲ ಪ್ರಭಾ," ಎಂದರು.

ಒಂದು ಕ್ಷಣ ನಾನೂ ಹಾಗೇ ಅಂದುಕೊಂಡೆ. ಸೆಟ್ಟಿಂಗ್ಸ್ ಅಳಿಸಿಹೋಯಿತೇ ಎಂದು ಪರದೆಯನ್ನು ಮುಟ್ಟಿ ನೋಡತೊಡಗಿದೆ. ಆ ಒಂದು ಕ್ಷಣ ನನ್ನದು. ಅದನ್ನು ಯಾರ ಮೇಲೂ ಹೊರಿಸುವಂತಿಲ್ಲ. ಆಮೇಲೆ ತಲೆ ಎತ್ತಿದೆ. ಬಲಗಡೆಯ ಕಿಟಕಿಯ ತುಂಬ ಒಂದು ವಿಮಾನ. ತಿರುಗುತ್ತಿರುವ ಅದರ ಪ್ರೊಪೆಲ್ಲರ್ ಕಾಣುತ್ತಿತ್ತು, ಗಾಜಿನ ಹಿಂದೆ ಟೋಪಿ ಹಾಕಿದ ಒಂದು ಮುಖವೂ ಕಾಣುತ್ತಿತ್ತು.

"ಭಾವಾ! ಮೇಲೆ! ಮೇಲೆ!" ಎಂದು ಕಿರುಚಿದೆ.

ಅವರು ಹೊರಗೆ ನೋಡಲಿಲ್ಲ. ನನ್ನ ದನಿಯನ್ನೇ ನಂಬಿ, ಹಿಡಿಯನ್ನು ಎದೆಗೆ ಎಳೆದುಕೊಂಡರು. ವಿಮಾನದ ಮೂಗು ಆಕಾಶಕ್ಕೆ ಎದ್ದಿತು. ಆ ವಿಮಾನ ನಮ್ಮ ಚಕ್ರಗಳ ಕೆಳಗೆ ಹಾದುಹೋದದ್ದು ಕಾಣಲಿಲ್ಲ; ನಮ್ಮ ವಿಮಾನ ಹಳ್ಳಕ್ಕೆ ಬಿದ್ದ ಬಸ್ಸಿನಂತೆ ಒಮ್ಮೆ ಅದುರಿತು, ಅಷ್ಟೇ.

ಇನ್ನೊಂದು ಸುತ್ತು ಹಾಕಿ ಇಳಿದೆವು.

ಟೋಪಿಯ ಹೆಂಗಸು ತನ್ನ ವಿಮಾನದ ಪಕ್ಕ ನಿಂತು ಕಾಯುತ್ತಿದ್ದಳು. ಐವತ್ತರ ಆಸುಪಾಸು, ಬಿಸಿಲಿಗೆ ಕಂದಿದ ಮುಖ. ನಮ್ಮಲ್ಲಾದರೆ ಕೊರಳಪಟ್ಟಿಗೇ ಕೈ ಹೋಗುತ್ತಿತ್ತು. ಅವಳು ಎರಡು ನೀರಿನ ಬಾಟಲಿ ಹಿಡಿದುಕೊಂಡು ಬಂದು ಮೊದಲು ಅವನ್ನು ನಮಗೆ ಕೊಟ್ಟಳು. ಆಮೇಲೆ ಮೆಲ್ಲಗೆ ಕೇಳಿದಳು: "ಸರ್, ನಾನು ನಿಮಗೆ ಕಂಡೆನಾ?"

ಭಾವ ಬಾಟಲಿಯ ಮುಚ್ಚಳ ತಿರುಗಿಸುತ್ತಾ ನಿಂತರು. "ಇಲ್ಲ," ಎಂದರು.

ಅವಳು ನನ್ನ ತೋಳನ್ನು ಒಮ್ಮೆ ಮುಟ್ಟಿ ಹೊರಟುಹೋದಳು. ಅವಳು ಬೈದಿದ್ದರೇ ಎಷ್ಟೋ ವಾಸಿಯಿತ್ತು.

ಏರ್‌ಫೀಲ್ಡಿನ ಕಟ್ಟಡದೊಳಗೆ ಹಳೆಯ ಸೋಫಾ, ಕಾಫಿ ಯಂತ್ರ, ಬಂದವರು ತಿನ್ನಲೆಂದು ಇಟ್ಟ ಬಿಸ್ಕತ್ತಿನ ಡಬ್ಬ. ಕಾಯುವವರು ಯಾರೂ ಇರಲಿಲ್ಲ. ಭಾವ ಕಣ್ಣು ಮುಚ್ಚಿ ಕೂತು ಮಾತಾಡಿದರು.

"ಗ್ಲಾಕೋಮಾ. ನಾಲ್ಕು ವರ್ಷ ಆಯ್ತು. ಬಲಗಡೆ ಕಾಣಲ್ಲ. ನಿಧಾನಕ್ಕೆ ಹೋಯ್ತು, ನಂಗೇ ಗೊತ್ತಾಗ್ಲಿಲ್ಲ. ನನಗಿಂತ ಮುಂಚೆ ಲಲಿತಾಗೆ ಗೊತ್ತಾಯ್ತು. 'ನೀವು ಹಾರಿಸಿ, ನಾನು ನೋಡ್ತೀನಿ' ಅಂದ್ಳು. 'ರೀ, ಎರಡು ಗಂಟೆಗೆ ಒಂದು. ರೀ, ಮೂರು ಗಂಟೆಗೆ ಒಂದು.' ಹಂಗೇ ಎರಡು ವರ್ಷ ನಡೀತು."

"ಆಮೇಲೆ?"

"ಆಮೇಲೆ ಡಬ್ಬಾ ಮಾಡ್ಕೊಂಡೆ."

ನನಗೆ ಸಿಟ್ಟು ಬಂತು. ಅವರ ಮೇಲೆ ಬಂದದ್ದಕ್ಕಿಂತ ಅಕ್ಕನ ಮೇಲೆ ಹೆಚ್ಚು ಬಂತು. ಪ್ರತಿ ಭಾನುವಾರ ನನ್ನೊಂದಿಗೆ ಒಂದು ಗಂಟೆ ಮಾತಾಡುತ್ತಿದ್ದವಳು ಇದೊಂದನ್ನು ಹೇಳಲಿಲ್ಲ. "ನನ್ನನ್ನ ಯಾಕೆ ಕರ್ಕೊಂಡು ಬಂದ್ರಿ ಭಾವ? ನಾನೂ ಸತ್ತಿದ್ರೆ?" ಎಂದುಬಿಟ್ಟೆ.

"ಡಬ್ಬಾ ಸರಿಯಾಗಿದೆ ಅಂತ ನೀನೇ ಬರ್ಕೊಟ್ಟಿದ್ದೆ."

"ಡಬ್ಬಾ ಸರಿಯಾಗೇ ಇತ್ತು."

ಅವರು ಕಣ್ಣು ತೆರೆದರು. ಎಪ್ಪತ್ತಾರರ ಮುಖ ಎದುರಿಗಿತ್ತು. ಅಲ್ಲಿಯವರೆಗೆ ಅವರ ವಯಸ್ಸು ನನಗೆ ಕಂಡಿರಲಿಲ್ಲ. ಫೋನನ್ನು ಕೈಗೆತ್ತಿಕೊಂಡು ಹೇಳಿದರು: "ಸಂಧ್ಯಾಗೆ ಫೋನ್ ಮಾಡ್ತೀನಿ, ಡ್ರೈವ್ ಮಾಡ್ಕೊಂಡು ಬರ್ಲಿ. ಇಂಜಿನ್ ಪ್ರಾಬ್ಲಮ್ ಅಂತ ಹೇಳೋಣ. ತಿಥಿ ಮುಗೀಲಿ. ನಾನೇ ಆಮೇಲೆ ಹೇಳ್ತೀನಿ."

ನಾನು ಎದ್ದು ಕಾಫಿ ಯಂತ್ರದ ಕಡೆ ಹೋದೆ.

ಸಂಧ್ಯಾ ಎರಡು ಗಂಟೆಯಲ್ಲಿ ಬಂದಳು. ಅಮೆರಿಕದಲ್ಲೇ ಹುಟ್ಟಿದವಳು, ಅವಳ ಕನ್ನಡ ಚಿಕ್ಕ ಮಕ್ಕಳ ಕನ್ನಡದಂತೆ. "ಅಪ್ಪ, ಓಕೆನಾ? ಇಂಜಿನ್‌ಗೆ ಏನ್ ಆಯ್ತು?"

"ಮೈನರ್ ಕಣಮ್ಮ. ಮೆಕ್ಯಾನಿಕ್ ನೋಡ್ತಾನೆ. ನೆಕ್ಸ್ಟ್ ವೀಕ್ ಬಂದು ತಗೊಂಡು ಹೋಗ್ತೀನಿ," ಎಂದರು ಭಾವ.

ಮುಂದಿನ ವಾರ. ಒಬ್ಬರೇ. ಬಲಗಡೆ ಸೀಟಿನಲ್ಲಿ ಯಾರೂ ಇಲ್ಲದೆ.

"ಇಂಜಿನ್ ಸರಿ ಇದೆ ಸಂಧ್ಯಾ," ಎಂದೆ. "ಅಪ್ಪಂಗೆ ಬಲಗಡೆ ಏನೂ ಕಾಣಲ್ಲ. ಇವತ್ತು ಇನ್ನೊಂದು ವಿಮಾನಕ್ಕೆ ಡಿಕ್ಕಿ ಹೊಡೀತಿದ್ವಿ."

ಅವಳು ನನ್ನ ಮುಖ ನೋಡಿದಳು, ಅಪ್ಪನ ಮುಖ ನೋಡಿದಳು. ನಾನು ಅಳು ನಿರೀಕ್ಷಿಸಿದ್ದೆ. ಬಂದದ್ದು ಒಂದು ಪ್ರಶ್ನೆ. "ಅಮ್ಮಂಗೆ ಗೊತ್ತಿತ್ತಾ?"

ಭಾವ ನೆಲ ನೋಡಿದರು. ಸಂಧ್ಯಾ ವಿಮಾನದ ಕೀಲಿಕೈ ಕೇಳಿದಳು. ಅವರು ಕೊಟ್ಟರು.

ಸುವಾನಿ

ಜಾರ್ಜಿಯಾದವರೆಗೆ ಭಾವ ಮುಂದಿನ ಸೀಟಿನಲ್ಲಿ, ನಾನು ಹಿಂದಿನ ಸೀಟಿನಲ್ಲಿ. ಅವರು ನನ್ನೊಂದಿಗೆ ಮಾತಾಡಲಿಲ್ಲ. ಮರುದಿನವೂ ಮಾತಾಡಲಿಲ್ಲ, ನಾಲ್ಕನೆಯ ದಿನ, ತಿಥಿಯಂದೂ ಮಾತಾಡಲಿಲ್ಲ. ಪಕ್ಕದೂರು ಅಲ್ಫರೆಟಾದಿಂದ ಬಂದ ಪುರೋಹಿತರು ಆಫೀಸಿನ ಲ್ಯಾಪ್‌ಟಾಪ್ ಚೀಲದಲ್ಲೇ ದರ್ಭೆ, ಎಳ್ಳು ತಂದಿದ್ದರು. ವಾರದ ದಿನಗಳಲ್ಲಿ ಸಾಫ್ಟ್‌ವೇರ್ ಕೆಲಸವಂತೆ. ಹೊಗೆಗೆ ಅಲಾರಂ ಕೂಗೀತೆಂದು ಎಲ್ಲವನ್ನೂ ಗ್ಯಾರೇಜಿನಲ್ಲಿ, ಬಾಗಿಲು ಅರ್ಧ ಎತ್ತಿಕೊಂಡು ನಡೆಸಿದರು. ಎಳ್ಳಿನ ಬಟ್ಟಲನ್ನು ಭಾವನ ಬಲಗಡೆ ಇಟ್ಟಿದ್ದರು. ಅವರು ಕೈಯಾಡಿಸಿ ಹುಡುಕಿದರು, ಸಿಕ್ಕಲಿಲ್ಲ. ಸಂಧ್ಯಾ ಅದನ್ನು ಎಡಕ್ಕೆ ಸರಿಸಿದಳು. ನಾನು ಎದ್ದು ಹೊರಗೆ ಬಂದೆ. ಅಕ್ಕ ತೀರಿಕೊಂಡಾಗ ಫೋನಿನ ಮುಂದೆ ಕೂತು ಅಳಲಾಗದೆ ಉಳಿದಿದ್ದ ಅಳು ಮನೆಮುಂದಿನ ಹುಲ್ಲಿನ ಮೇಲೆ ನಿಂತಾಗ ಬಂತು.

ತಿಥಿಯ ಮಾರನೆಯ ದಿನ ಸಂಧ್ಯಾ ಅಪ್ಪನನ್ನು ಕಣ್ಣಿನ ಡಾಕ್ಟರರಲ್ಲಿಗೆ ಕರೆದುಕೊಂಡು ಹೋದಳು. ಹೋದ ದೃಷ್ಟಿ ಮರಳುವುದಿಲ್ಲ, ಔಷಧಿಯಿಂದ ಉಳಿದದ್ದನ್ನು ಕಾಪಾಡಿಕೊಳ್ಳಬಹುದು ಎಂದರಂತೆ. ಕಾರು ಓಡಿಸುವುದೂ ಬೇಡ ಎಂದರಂತೆ. ಮಧ್ಯಾಹ್ನ ಭಾವ ವರ್ಜೀನಿಯಾದ ಸ್ನೇಹಿತರೊಬ್ಬರಿಗೆ ಫೋನ್ ಮಾಡಿ, ವಿಮಾನವನ್ನು ಕೆರೊಲಿನಾದಿಂದಲೇ ಯಾರಿಗಾದರೂ ಮಾರಿಬಿಡು ಎಂದು ಹೇಳುವುದು ನನ್ನ ಕೋಣೆಯವರೆಗೂ ಕೇಳಿಸಿತು.

ಸಂಜೆ ನಾನು ಹಿತ್ತಲ ಮೆಟ್ಟಿಲ ಮೇಲೆ ಕೂತಿದ್ದೆ. ಭಾವ ಬಂದು ನನ್ನ ಪಕ್ಕ ಕೂತರು. ಕೈಯಲ್ಲಿ ಆಸ್ಪತ್ರೆಯ ಒಂದು ಕಾಗದ. ಅದರ ಮೇಲೆ ಒಂದು ದುಂಡನೆಯ ಚಿತ್ರ, ಅರ್ಧ ಬಿಳುಪು, ಬಲಗಡೆ ಮಸಿ ಚೆಲ್ಲಿದಂತೆ ಕಪ್ಪು. ಐದು ದಿನದ ಮೇಲೆ ನನ್ನ ಹೆಸರು ಹಿಡಿದು ಕರೆದರು.

"ಪ್ರಭಾ, ನೋಡು. ಬೆಳ್ಳಗಿರೋದು ಕಾಣೋ ಜಾಗ. ಕಪ್ಪಗಿರೋದು ಕಾಣದ ಜಾಗ." ರೋಗಿಯ ಮನೆಯವರಿಗೆ ವಿವರಿಸುವ ಹಳೆಯ ದನಿಯಲ್ಲೇ ಹೇಳುತ್ತಾ ಕಪ್ಪಿನ ನಡುವೆ ಬೆರಳಿಟ್ಟರು. "ಆವತ್ತು ಆ ವಿಮಾನ ಇಲ್ಲಿತ್ತು."

ಬೆರಳನ್ನು ಅಲ್ಲಿಂದ ತೆಗೆಯಲಿಲ್ಲ.

"ಲಲಿತಾನೂ ಇಲ್ಲೇ ಕೂತಿರ್ತಿದ್ಳು," ಎಂದರು. "ಕಡೇ ಎರಡು ವರ್ಷ ಹಾರುವಾಗ ಅವಳ ಮುಖ ನಂಗೆ ಕಾಣ್ತಿರ್ಲಿಲ್ಲ. ದನಿ ಮಾತ್ರ ಕೇಳೋದು. ತಲೆ ತಿರುಗಿಸಿದ್ರೆ ಕಾಣೋಳು. ತಿರುಗಿಸ್ಲಿಲ್ಲ. ಪಕ್ಕದಲ್ಲಿದಾಳೆ ಅಂತ ಗೊತ್ತಿತ್ತಲ್ಲ."